ಹೆತ್ತವರ ಮನೆಯಲ್ಲಿ ಪಾಲು ಖರೀದಿಸುವ ಮುನ್ನ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಇಂದು ಸಾಮಾನ್ಯವಾಗಿ ಕಾಣುವ ಪರಿಸ್ಥಿತಿ ಒಂದಿದೆ. ಹಂಚಿನ ಹಳೆಯ ಮನೆ, ಸುತ್ತ ಮೂವತ್ತು ನಲವತ್ತು ಸೆಂಟ್ಸ್ ಹಿತ್ತಲು, ಮನೆಯೊಳಗೆ ಎಪ್ಪತ್ತು ದಾಟಿದ ಅಪ್ಪ ಅಮ್ಮ. ಮಕ್ಕಳಲ್ಲಿ ಒಬ್ಬ ಕೊಲ್ಲಿ ದೇಶದಲ್ಲಿ, ಒಬ್ಬಳು ಮದುವೆಯಾಗಿ ಮುಂಬಯಿಯಲ್ಲಿ, ಒಬ್ಬಳು ಕಾನ್ವೆಂಟಿನಲ್ಲಿ, ಮತ್ತೊಬ್ಬ ಊರಲ್ಲೇ. ಮನೆಗೆ ರಿಪೇರಿ ಬೇಕು. ಹಣ ಹಾಕಲು ಒಬ್ಬ ಮಗ ಸಿದ್ಧನಿದ್ದಾನೆ. ಆದರೆ ಅವನ ಹೆಂಡತಿ ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ: "ಇಷ್ಟು ಲಕ್ಷ ಹಾಕಿದ ಮೇಲೆ ಮನೆ ಯಾರದ್ದು?"

ಆಗ ಬರುವ ಉಪಾಯವೇ ಹೆತ್ತವರಿಂದ ಮನೆಯ ಒಂದು ಪಾಲನ್ನು ಹಣ ಕೊಟ್ಟು ಖರೀದಿಸುವುದು. ಇದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ಮಾಡಿದರೆ ಹೆತ್ತವರಿಗೆ ಕೈಯಲ್ಲಿ ಹಣ, ಮಗನಿಗೆ ಭದ್ರತೆ, ಉಳಿದ ಮಕ್ಕಳಿಗೆ ಸ್ಪಷ್ಟತೆ ಸಿಗುತ್ತದೆ. ಅರೆಬರೆ ತಿಳುವಳಿಕೆಯಿಂದ ಮಾಡಿದರೆ ಮಾತ್ರ ಒಡಹುಟ್ಟಿದವರು ಒಂದೇ ಚರ್ಚಿನ ಎರಡು ಬದಿಯಲ್ಲಿ ಕುಳಿತು ಮುಖ ನೋಡದಂತಾಗುತ್ತದೆ. ಕೆಲವೊಮ್ಮೆ ತಾವೇ ಕಟ್ಟಿಸಿದ ಮನೆಯಲ್ಲಿ ಅಪ್ಪ ಅಮ್ಮ ಅತಿಥಿಗಳಾಗುತ್ತಾರೆ. ಆದ್ದರಿಂದ ಈ ವಿಷಯವನ್ನು ಕ್ರಮವಾಗಿ ತಿಳಿದುಕೊಳ್ಳೋಣ.

ಹೆತ್ತವರು ಬದುಕಿರುವಾಗ ಮಕ್ಕಳಿಗೆ ಪಾಲಿಲ್ಲ

"ಅದು ಪಿತ್ರಾರ್ಜಿತ ಆಸ್ತಿ, ಅದರಲ್ಲಿ ನನ್ನ ಪಾಲು ಇದ್ದೇ ಇದೆ" ಎಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಇದು ನೆರೆಹೊರೆಯಿಂದ ನಮಗೆ ಬಂದ ಮಾತು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಹಕ್ಕು ಬರುವ ಪದ್ಧತಿ ಇದೆ. ನಮ್ಮ ಕರಾವಳಿಯ ಅಳಿಯಸಂತಾನ ಕುಟುಂಬಗಳಿಗೆ ಅವರದೇ ಕಟ್ಟಳೆ ಇತ್ತು. ಆದರೆ ಕ್ರೈಸ್ತರ ಉತ್ತರಾಧಿಕಾರಕ್ಕೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇದರಲ್ಲಿ ಹುಟ್ಟಿನಿಂದ ಬರುವ ಹಕ್ಕು ಎಂಬುದೇ ಇಲ್ಲ. ಅಪ್ಪನ ಹೆಸರಿನ ಆಸ್ತಿ ಅಪ್ಪನದ್ದು, ಅಮ್ಮನ ಹೆಸರಿನದ್ದು ಅಮ್ಮನದ್ದು. ಅಜ್ಜನಿಂದ ಬಂದಿದ್ದರೂ ಅಷ್ಟೇ. ಅವರು ಅದನ್ನು ಮಾರಬಹುದು, ದಾನ ಕೊಡಬಹುದು, ವೀಲುನಾಮೆ ಬರೆದು ಒಬ್ಬರಿಗೇ ಬಿಡಬಹುದು.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಒಂದು, ಅಪ್ಪ ತನ್ನ ಮನೆಯ ಪಾಲನ್ನು ಒಬ್ಬ ಮಗನಿಗೆ ಮಾರಲು ಉಳಿದ ಮಕ್ಕಳ ಸಹಿ ಕಾನೂನಿನ ಪ್ರಕಾರ ಬೇಕಿಲ್ಲ. ಎರಡು, ಅಪ್ಪ ಅಮ್ಮ ಇಬ್ಬರೂ ಬದುಕಿರುವಾಗಲೇ ತಂಗಿಯರಿಂದ "ನಮ್ಮ ಪಾಲು ಬಿಟ್ಟಿದ್ದೇವೆ" ಎಂದು ಬರೆಸಿಕೊಳ್ಳುವ ಹಕ್ಕು ಖುಲಾಸೆ ಪತ್ರವನ್ನು ನಂಬಿ ಕೂರುವಂತಿಲ್ಲ. ಮುಂದೆ ಸಿಗಬಹುದೆಂಬ ಪಾಲು ಬರೀ ನಿರೀಕ್ಷೆ. ಅದನ್ನು ವರ್ಗಾಯಿಸಲು ಬರುವುದಿಲ್ಲವೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 6ನೇ ಕಲಮು ಹೇಳುತ್ತದೆ.

ಈ ವಿಷಯದಲ್ಲಿ ಗೋವಾದ ಪದ್ಧತಿ ಬೇರೆ. ನಮ್ಮ ಅನೇಕ ಕೊಂಕಣಿ ಕುಟುಂಬಗಳ ಹಿರಿಯರು ಗೋವಾದಿಂದ ಬಂದವರು. ಅಲ್ಲಿ ಜಾರಿಯಲ್ಲಿದ್ದ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯಲ್ಲಿ, ಉಳಿದ ಮಕ್ಕಳ ಒಪ್ಪಿಗೆಯಿಲ್ಲದೆ ಹೆತ್ತವರು ಒಬ್ಬ ಮಗನಿಗೆ ಅಥವಾ ಮಗಳಿಗೆ ಆಸ್ತಿ ಮಾರುವಂತಿಲ್ಲ ಎಂಬ ನಿಯಮವಿತ್ತು. ನಮ್ಮಲ್ಲಿ ಆ ನಿಯಮ ಇಲ್ಲ. ಆದರೂ ಅದರ ಹಿಂದಿನ ವಿವೇಕ ನಮಗೂ ಒಳ್ಳೆಯದೇ: ಮಾರಾಟ ಗುಟ್ಟಾಗಿ ಆಗಬಾರದು. ಕಾನೂನು ಕೇಳದಿದ್ದರೂ ಎಲ್ಲ ಮಕ್ಕಳಿಗೂ ಮೊದಲೇ ತಿಳಿಸುವುದು, ಸಾಧ್ಯವಾದರೆ ಅವರಲ್ಲಿ ಇಬ್ಬರನ್ನು ಪತ್ರಕ್ಕೆ ಸಾಕ್ಷಿಯಾಗಿ ಸಹಿ ಮಾಡಿಸುವುದು ಮುಂದಿನ ಅನೇಕ ತಕರಾರುಗಳನ್ನು ತಪ್ಪಿಸುತ್ತದೆ.

ಒಬ್ಬರು ತೀರಿಕೊಂಡಿದ್ದರೆ ಲೆಕ್ಕ ಬೇರೆ

ಆಸ್ತಿ ಅಪ್ಪನ ಹೆಸರಿನಲ್ಲಿದ್ದು, ವೀಲುನಾಮೆ ಬರೆಯದೆ ಅವರು ತೀರಿಕೊಂಡಿದ್ದರೆ, ಅದೇ ದಿನ ಹಕ್ಕು ಹಂಚಿಹೋಗುತ್ತದೆ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇದ್ದರೂ ಸರಿ. ಮೂರರಲ್ಲಿ ಒಂದು ಪಾಲು ಅಮ್ಮನಿಗೆ. ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಎಂಬ ಭೇದವಿಲ್ಲ. ಮಕ್ಕಳಲ್ಲಿ ಯಾರಾದರೂ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ ಅವರ ಪಾಲು ಅವರ ಮಕ್ಕಳಿಗೆ ಹೋಗುತ್ತದೆ. ಆಸ್ತಿ ಅಮ್ಮನ ಹೆಸರಿನಲ್ಲಿದ್ದು ಅಮ್ಮ ಮೊದಲು ತೀರಿಕೊಂಡರೆ ಅಪ್ಪನಿಗೂ ಇದೇ ಮೂರನೇ ಒಂದು ಪಾಲು.

ಉದಾಹರಣೆಗೆ, ಅಪ್ಪ 36 ಸೆಂಟ್ಸ್ ಜಾಗ ಬಿಟ್ಟುಹೋಗಿದ್ದಾರೆ. ಅಮ್ಮ ಮತ್ತು ನಾಲ್ಕು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಅಮ್ಮನ ಹಕ್ಕು 12 ಸೆಂಟ್ಸಿನಷ್ಟು, ಮಕ್ಕಳದ್ದು ತಲಾ 6. ಈಗ ಕಿರಿಯ ಮಗ "ಅಮ್ಮನಿಂದ ಮನೆ ಖರೀದಿಸುತ್ತೇನೆ" ಎಂದರೆ ಅಮ್ಮ ಮಾರಬಲ್ಲದ್ದು ತನ್ನ 12 ಮಾತ್ರ. ಅದು ಸೇರಿ ಅವನ ಹಕ್ಕು 18, ಅಂದರೆ ಅರ್ಧ. ಇನ್ನರ್ಧ ಉಳಿದ ಮೂವರದ್ದು. ಪೂರ್ತಿ ಮನೆ ಬೇಕಾದರೆ ಆ ಮೂವರಿಂದಲೂ ಕ್ರಯಪತ್ರ ಅಥವಾ ಹಕ್ಕು ಖುಲಾಸೆ ಪತ್ರ ಬೇಕು. ಈ ಹಂತದಲ್ಲಿ ಖುಲಾಸೆ ಪತ್ರಕ್ಕೆ ಬೆಲೆ ಇದೆ, ಏಕೆಂದರೆ ಬಿಟ್ಟುಕೊಡಲು ಅವರ ಕೈಯಲ್ಲಿ ಹಕ್ಕು ಇದೆ. ಆದರೆ ಅದು ನೋಂದಣಿಯಾಗಬೇಕು. ಬಿಳಿ ಕಾಗದದ ಮೇಲಿನ ಸಹಿ ಸಾಲದು.

ಇದೇ ಉದಾಹರಣೆಯಲ್ಲಿ ಇನ್ನೊಂದನ್ನು ಗಮನಿಸಿ. 12 ಸೆಂಟ್ಸ್ ಮಾರಿದ ಮೇಲೆ ಅಮ್ಮನಿಗೆ ಆ ಮನೆಯಲ್ಲಿ ಮಾಲೀಕತ್ವ ಏನೂ ಉಳಿಯುವುದಿಲ್ಲ. ಈ ವಿಚಾರಕ್ಕೆ ಮುಂದೆ ಬರೋಣ.

ವರದಕ್ಷಿಣೆ, ವೀಸಾ ಹಣ ಮತ್ತು ಕಾನ್ವೆಂಟಿನ ಮಗಳು

"ತಂಗಿಗೆ ಮದುವೆಯಲ್ಲಿ ಕೊಟ್ಟಾಗಿದೆ, ಅವಳಿಗೆ ಇನ್ನೇನು ಪಾಲು?" ಎಂಬ ವಾದ ಸಾಮಾನ್ಯ. ಉತ್ತರಾಧಿಕಾರ ಕಾಯ್ದೆಯ 49ನೇ ಕಲಮು ಇದಕ್ಕೆ ನೇರ ಉತ್ತರ ಕೊಡುತ್ತದೆ: ತೀರಿಕೊಂಡವರು ತಮ್ಮ ಜೀವಿತಕಾಲದಲ್ಲಿ ಒಬ್ಬ ಮಗ ಅಥವಾ ಮಗಳ ಏಳಿಗೆಗಾಗಿ ಕೊಟ್ಟ ಹಣ, ಆಸ್ತಿ ಯಾವುದನ್ನೂ ಪಾಲಿನ ಲೆಕ್ಕದಲ್ಲಿ ಕಳೆಯುವಂತಿಲ್ಲ. ಮಗಳ ಮದುವೆಗೆ ಕೊಟ್ಟ ಚಿನ್ನಕ್ಕೂ ಇದೇ ಮಾತು, ಮಗನ ಗಲ್ಫ್ ವೀಸಾಕ್ಕೆ ಕೊಟ್ಟ ಹಣಕ್ಕೂ ಇದೇ ಮಾತು. ಹೆಣ್ಣುಮಕ್ಕಳ ಸಮಾನ ಪಾಲಿನ ವಿಷಯದಲ್ಲಿ ಕೇರಳದ ಮೇರಿ ರಾಯ್ ಪ್ರಕರಣವನ್ನು ಹಲವರು ಕೇಳಿರಬಹುದು. ತಿರುವಾಂಕೂರಿನ 1916ರ ಕಾಯ್ದೆಯಂತೆ ಅಲ್ಲಿನ ಕ್ರೈಸ್ತ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. 1986ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿಯೂ 1925ರ ಕಾಯ್ದೆಯೇ ಅನ್ವಯ ಎಂದಿತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ತಿರುವಾಂಕೂರಿನ ಆ ಕಾಯ್ದೆ ಎಂದೂ ಅನ್ವಯವಾಗಿರಲಿಲ್ಲ. ಆದರೂ ಸಮಾನ ಪಾಲನ್ನು ಕಾಗದದಲ್ಲಿ ಒಪ್ಪಿ ಮನೆಯಲ್ಲಿ ಒಪ್ಪದವರು ನಮ್ಮಲ್ಲಿ ಇಂದಿಗೂ ಇದ್ದಾರೆ.

ಧರ್ಮಭಗಿನಿಯಾದ ಮಗಳನ್ನು ಪಾಲುಪಟ್ಟಿಯಿಂದ ಬಿಟ್ಟುಬಿಡುವ ರೂಢಿಯೂ ಇದೆ. ಉತ್ತರಾಧಿಕಾರ ಕಾಯ್ದೆಯಲ್ಲಿ ಆಕೆಯನ್ನು ಹೊರಗಿಡುವ ಒಂದು ಸಾಲೂ ಇಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 668ನೇ ನಿಯಮದಂತೆ, ಮೊದಲ ವ್ರತಕ್ಕೆ ಮುನ್ನ ಆಕೆ ತನ್ನ ಆಸ್ತಿಯ ಆಡಳಿತವನ್ನು ಬೇರೆಯವರಿಗೆ ವಹಿಸಬೇಕು. ನಿತ್ಯ ವ್ರತಕ್ಕೆ ಮುನ್ನವಾದರೂ ದೇಶದ ಕಾನೂನಿಗೆ ಒಪ್ಪುವ ವೀಲುನಾಮೆ ಬರೆಯಬೇಕು. ಮುಂದಿನದ್ದು ಆಯಾ ಸಭೆಯ ನಿಯಮದಂತೆ. ಆದ್ದರಿಂದ ಅಪ್ಪ ತೀರಿಕೊಂಡ ಬಳಿಕದ ಪತ್ರಗಳಿಗೆ ಸಿಸ್ಟರ್ ಅವರ ಸಹಿಯೂ ಬೇಕು. ಅವರು ತಮ್ಮ ಮೇಲಧಿಕಾರಿಗಳಿಗೆ ತಿಳಿಸಿ ಸಹಿ ಮಾಡುವುದು ಕ್ರಮ. ಧರ್ಮಪ್ರಾಂತ್ಯದ ಗುರುಗಳು ಬಡತನದ ವ್ರತ ಕೈಗೊಂಡವರಲ್ಲ. ಅವರ ಪಾಲು ಇತರ ಮಕ್ಕಳ ಪಾಲಿನಂತೆಯೇ.

ಯಾವ ಪತ್ರ?

ಕ್ರಯಪತ್ರ: ನಿಜವಾಗಿ ಹಣ ಕೊಟ್ಟು ಪಾಲು ಪಡೆಯುವುದಾದರೆ ಇದೇ ಸರಿ. ಪತ್ರದಲ್ಲಿ ಎಷ್ಟನೇ ಒಂದು ಪಾಲು ಎಂಬುದನ್ನೂ, ಗಡಿ ಗುರುತಿಸಿ ಬೇರ್ಪಡಿಸಿದ ಭಾಗವೋ ಅವಿಭಜಿತ ಪಾಲೋ ಎಂಬುದನ್ನೂ ಬರೆಯಬೇಕು. ಕರ್ನಾಟಕದಲ್ಲಿ ಮನೆಯ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಹಳ್ಳಿ ಪ್ರದೇಶದಲ್ಲಿ ಶೇ. 5.65 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಅಂದರೆ 30 ಲಕ್ಷದ ಪಾಲಿಗೆ 1,69,500 ಮತ್ತು 60,000, ಒಟ್ಟು 2,29,500 ರೂಪಾಯಿ. ಕೊಟ್ಟ ಬೆಲೆ ಮತ್ತು ಸರಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಿನದ್ದರ ಮೇಲೆ ಶುಲ್ಕ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಮಾರಿದ ಅಪ್ಪ ಅಮ್ಮನಿಗೆ ಲಾಭದ ಮೇಲೆ ತೆರಿಗೆ ಬರಬಹುದು. 2001ಕ್ಕಿಂತ ಹಿಂದಿನ ಆಸ್ತಿಯಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಆಧಾರವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಪತ್ರಕ್ಕೆ ಮೊದಲೇ ಆಡಿಟರರನ್ನು ಕೇಳಿ.

ಹಣ ಕೊಡದೆ ಹೆಸರಿಗೆ ಮಾತ್ರ ಕ್ರಯಪತ್ರ ಬರೆಸುವವರೂ ಇದ್ದಾರೆ. ಬೆಲೆಯೇ ಸಂದಾಯವಾಗದ ಕ್ರಯ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹಾಗೆಯೇ ಬರೀ ಅಧಿಕಾರಪತ್ರ ಬರೆಸಿಕೊಂಡು ಮನೆ ತನ್ನದಾಯಿತು ಎಂದುಕೊಳ್ಳುವುದೂ ತಪ್ಪು. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು 2011ರಲ್ಲೇ ಅದೇ ಕೋರ್ಟ್ ತೀರ್ಮಾನಿಸಿದೆ.

ದಾನಪತ್ರ: ಹಣದ ಮಾತಿಲ್ಲದೆ ಪ್ರೀತಿಯಿಂದ ಕೊಡುವುದಾದರೆ ಇದು. ಮಗ ಮಗಳಿಗೆ ಕೊಡುವ ದಾನಕ್ಕೆ ಶುಲ್ಕ ಶೇಕಡಾವಾರು ಅಲ್ಲ, ನಿಗದಿತವಾದ ಸಣ್ಣ ಮೊತ್ತ. ಪಡೆದವರಿಗೆ ಆದಾಯ ತೆರಿಗೆಯೂ ಇಲ್ಲ. ಖರ್ಚು ಕಡಿಮೆ ಎಂದೇ ಅನೇಕರು ಇದನ್ನು ಆರಿಸುತ್ತಾರೆ. ಆದರೆ ಒಮ್ಮೆ ನೋಂದಣಿಯಾದ ದಾನವನ್ನು ಮನಸ್ಸು ಬದಲಾಯಿತೆಂದು ಹಿಂದೆ ಪಡೆಯಲು ಆಗುವುದಿಲ್ಲ.

ವೀಲುನಾಮೆ: ಬರೆದವರು ಬದುಕಿರುವಷ್ಟು ಕಾಲ ಆಸ್ತಿ ಅವರದ್ದೇ, ಬೇಕೆಂದಾಗ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಒಳ್ಳೆಯದು. ವೀಲುನಾಮೆಯ ಲಾಭ ಪಡೆಯುವವರು ಅಥವಾ ಅವರ ಗಂಡ, ಹೆಂಡತಿ ಸಾಕ್ಷಿ ಹಾಕಬಾರದು. ರಿಪೇರಿಗೆ ಹಣ ಹಾಕುವ ಮಗನಿಗೆ ಇದು ಪೂರ್ಣ ಭದ್ರತೆಯಲ್ಲ, ಆದರೆ ಹೆತ್ತವರಿಗೆ ಇದಕ್ಕಿಂತ ಸುರಕ್ಷಿತವಾದದ್ದು ಇಲ್ಲ.

ಹಣ ಹಾಕುವುದು ಮಾತ್ರ, ಪಾಲು ಬೇಡ ಎನ್ನುವವರು ಅದನ್ನು ಸಾಲವೋ ಸಹಾಯವೋ ಎಂದು ಬರೆದಿಡಬೇಕು. ಅಪ್ಪನ ಜಾಗದಲ್ಲಿ ಮಗ ಕಟ್ಟಿಸಿದ ಮಾಳಿಗೆ ತನ್ನದೆಂದು ಇಪ್ಪತ್ತು ವರ್ಷಗಳ ನಂತರ ಸಿದ್ಧಪಡಿಸುವುದು ಬಹಳ ಕಷ್ಟ.

ಅಪ್ಪ ಅಮ್ಮ ಎಲ್ಲಿ ಮಲಗುತ್ತಾರೆ?

ಪತ್ರ ಬರೆಯುವ ಮುನ್ನ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಕ್ರಯವಾಗಲಿ ದಾನವಾಗಲಿ, ಹೆತ್ತವರಿಬ್ಬರೂ ಜೀವ ಇರುವವರೆಗೆ ಅದೇ ಮನೆಯಲ್ಲಿ, ಇಂಥ ಕೋಣೆಯಲ್ಲಿ, ಅಡುಗೆಮನೆ ಮತ್ತು ಬಾವಿಯ ಹಕ್ಕಿನೊಂದಿಗೆ ವಾಸಿಸುವರು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಅವರನ್ನು ನೋಡಿಕೊಳ್ಳುವ ಹೊಣೆಯನ್ನೂ ಬರೆಸಬೇಕು. ಒಬ್ಬರು ತೀರಿಕೊಂಡ ಮೇಲೆ ಇನ್ನೊಬ್ಬರಿಗೂ ಆ ಹಕ್ಕು ಮುಂದುವರಿಯಬೇಕು. ಮದುವೆಯಾಗದ ಅಕ್ಕ ಅಥವಾ ಅಂಗವಿಕಲ ತಮ್ಮ ಇದ್ದರೆ ಅವರ ಹೆಸರೂ ಬರಬೇಕು.

2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮು ಇಲ್ಲಿ ಸಹಾಯಕ್ಕೆ ಬರುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯ ನಾಗರಿಕರು ಆಸ್ತಿ ವರ್ಗಾಯಿಸಿ, ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ, ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟ್, ಮಗ ನೋಡಿಕೊಳ್ಳದ ತಾಯಿಯ ದಾನಪತ್ರವನ್ನು ರದ್ದುಪಡಿಸಿ ಸ್ವಾಧೀನವನ್ನು ಅವರಿಗೇ ಹಿಂದಿರುಗಿಸಲು ಆದೇಶಿಸಿತು. ಎರಡರಿಂದಲೂ ಕಲಿಯುವ ಪಾಠ ಒಂದೇ: ಷರತ್ತು ಬಾಯಿಮಾತಿನಲ್ಲಿ ಉಳಿಯಬಾರದು, ಪತ್ರದಲ್ಲಿ ಇರಬೇಕು. ನಮ್ಮ ಭಾಗದವರು ಇಂತಹ ದೂರನ್ನು ಕುಂದಾಪುರದ ಸಹಾಯಕ ಆಯುಕ್ತರ ಕಚೇರಿಯಲ್ಲಿ ಸಲ್ಲಿಸಬಹುದು.

ಪಾಲು ಮಾರಿ ಬಂದ ಹಣವೂ ಹೆತ್ತವರ ಹೆಸರಿನ ಖಾತೆಯಲ್ಲೇ ಇರಲಿ. ಕೊಂಡ ಮಗನೇ ಆ ಖಾತೆಯ ಎಟಿಎಂ ಕಾರ್ಡ್ ಇಟ್ಟುಕೊಂಡರೆ ಅದು ಮಾರಾಟವೆನಿಸುವುದಿಲ್ಲ.

ಜಾಗದ ಮೂಲ ನೋಡಿ

ನಮ್ಮ ಅನೇಕ ಕುಟುಂಬಗಳಿಗೆ ಜಾಗ ಬಂದದ್ದು ಡಿಕ್ಲರೇಶನ್ ಮೂಲಕ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರಕ್ಕೆ ಸೇರಿ, ಭೂನ್ಯಾಯ ಮಂಡಳಿಯಿಂದ ಗೇಣಿದಾರರ ಹೆಸರಿಗೆ ಬಂದವು. ಆದೇಶ ಅಜ್ಜನ ಹೆಸರಿಗೆ ಆಗಿದೆಯೇ, ಅಪ್ಪನ ಹೆಸರಿಗೆ ಆಗಿದೆಯೇ, ಅಪ್ಪ ಅದನ್ನು ತನಗಾಗಿ ಪಡೆದರೋ ಅಣ್ಣತಮ್ಮಂದಿರ ಪರವಾಗಿಯೂ ಪಡೆದರೋ ಎಂದು ಮೂಲ ಕಡತ ನೋಡಬೇಕು. ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಚಿಕ್ಕಪ್ಪ, ಅತ್ತೆಯರ ಪಾಲೂ ಅದರಲ್ಲಿ ಇರುತ್ತದೆ. ಅಪ್ಪ ಒಬ್ಬರೇ ಪೂರ್ತಿ ಮಾರಲು ಬರುವುದಿಲ್ಲ. ಮಂಡಳಿಯ ಅಂತಿಮ ಆದೇಶದಿಂದ 15 ವರ್ಷ ಮಾರಾಟ, ದಾನಗಳಿಗೆ ನಿರ್ಬಂಧವಿತ್ತು. ಆದೇಶ ತಡವಾಗಿ ಬಂದ ಪ್ರಕರಣಗಳಲ್ಲಿ ಈ ದಿನಾಂಕವನ್ನೂ ನೋಡಿ.

ಪಹಣಿ, ಋಣಭಾರ ಪತ್ರ, ಮನೆ ಇರುವ ಭಾಗದ ಕನ್ವರ್ಷನ್ ಆದೇಶ, ಪಂಚಾಯತಿನ 9/11 ಅಥವಾ ಪುರಸಭೆಯ ಇ-ಖಾತಾ ಇವು ಕೈಯಲ್ಲಿರಲಿ. ಕೃಷಿ ಜಮೀನಿನ ಒಂದು ಭಾಗವನ್ನು ಬೇರ್ಪಡಿಸುವುದಾದರೆ 11ಇ ನಕ್ಷೆ ಬೇಕು. ಸೊಸೈಟಿಯ ಸಾಲಕ್ಕೆ ಜಾಗ ಅಡವಿದೆಯೇ ಎಂದೂ ಕೇಳಿ.

ಕೊಲ್ಲಿಯಲ್ಲಿರುವ ಮಕ್ಕಳು ವಿಶೇಷವಾಗಿ ಗಮನಿಸಬೇಕು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ರಾಜ್ಯ ಸರಕಾರ 2020ರಲ್ಲಿ ಅವಕಾಶ ಕೊಟ್ಟಿದೆ ನಿಜ. ಆದರೆ ಕೇಂದ್ರದ ವಿದೇಶಿ ವಿನಿಮಯ ನಿಯಮದಂತೆ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಖರೀದಿಸುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಕನ್ವರ್ಷನ್ ಆದ ಜಾಗದ ಮನೆಯನ್ನು ಕೊಳ್ಳಬಹುದು. ತೋಟ ಉತ್ತರಾಧಿಕಾರದಿಂದ ಅಥವಾ ವೀಲುನಾಮೆಯಿಂದ ಬರುವುದಕ್ಕೆ ಅಡ್ಡಿಯಿಲ್ಲ. ಮನೆ ಮತ್ತು ತೆಂಗಿನ ತೋಟ ಒಂದೇ ಪಹಣಿಯಲ್ಲಿದ್ದರೆ ಮೊದಲು ಇದನ್ನು ಬಿಡಿಸಿಕೊಳ್ಳಬೇಕು.

ಪಾಲು ಹೊರಗಿನವರಿಗೆ ಹೋದರೆ?

ಒಡಹುಟ್ಟಿದವರಲ್ಲಿ ಒಬ್ಬರು ಸಿಟ್ಟಿನಿಂದ ತಮ್ಮ ಪಾಲನ್ನು ಬೇರೆಯವರಿಗೆ ಮಾರಿದರೆ ಏನು ಗತಿ ಎಂಬ ಭಯ ಹಲವರಿಗಿದೆ. ಅವಿಭಜಿತ ಕುಟುಂಬದ ವಾಸದ ಮನೆಯ ಪಾಲನ್ನು ಹೊರಗಿನವರು ಕೊಂಡರೂ ಅವರು ಒಳಗೆ ಬಂದು ಕುಟುಂಬದೊಂದಿಗೆ ಜಂಟಿಯಾಗಿ ವಾಸಿಸುವ ಹಕ್ಕು ಪಡೆಯುವುದಿಲ್ಲ. ಅವರು ಪಾಲಿಗಾಗಿ ದಾವೆ ಹಾಕಿದರೆ, ಆ ಪಾಲನ್ನು ಕೋರ್ಟ್ ನಿಗದಿ ಮಾಡಿದ ಬೆಲೆಗೆ ತಾವೇ ಕೊಳ್ಳಲು ಮನೆಯವರಿಗೆ 1893ರ ವಿಭಾಗ ಕಾಯ್ದೆಯ 4ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಇದು ಕೋರ್ಟಿನ ದಾರಿ, ವರ್ಷಗಟ್ಟಲೆ ಹಿಡಿಯುತ್ತದೆ. ಮೊದಲೇ ಒಬ್ಬರಿಗೊಬ್ಬರು ಬೆಲೆ ಕಟ್ಟಿ ಕೊಳ್ಳುವುದೇ ಮೇಲು.

ಗುರಿಕಾರರು ಮತ್ತು ಪಾಲನಾ ಮಂಡಳಿಯ ಸದಸ್ಯರಿಗೆ ಒಂದು ಮಾತು

ಇಂತಹ ಸಂದರ್ಭಗಳಲ್ಲಿ ಜನರು ಮೊದಲು ಬರುವುದು ವಾರ್ಡಿನ ಗುರಿಕಾರರ ಬಳಿಗೆ ಅಥವಾ ಧರ್ಮಗುರುಗಳ ಬಳಿಗೆ. ನಾವು ವಕೀಲರಲ್ಲ. ಪತ್ರದ ಒಕ್ಕಣೆ ಹೇಳಿಕೊಡುವುದು ನಮ್ಮ ಕೆಲಸವಲ್ಲ. ಓದದ ಪತ್ರಕ್ಕೆ ಸಾಕ್ಷಿ ಹಾಕುವುದೂ ಸಲ್ಲದು. ಆದರೆ ನಾವು ಮಾಡಬಹುದಾದ ಮೂರು ಕೆಲಸಗಳಿವೆ. ಅಪ್ಪ ಅಮ್ಮನೊಂದಿಗೆ, ಮಕ್ಕಳು ಎದುರಿಗಿಲ್ಲದಾಗ, ಹತ್ತು ನಿಮಿಷ ಮಾತಾಡಿ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಬಹುದು. ದೂರದಲ್ಲಿರುವ ಮಗಳಿಗೂ ಕಾನ್ವೆಂಟಿನ ಮಗಳಿಗೂ ವಿಷಯ ತಿಳಿಸಿದ್ದೀರಾ ಎಂದು ವಿಚಾರಿಸಬಹುದು. ಮಗನ ವಕೀಲರಲ್ಲದೆ ಹೆತ್ತವರು ತಾವೇ ಆರಿಸಿದ ಬೇರೊಬ್ಬ ವಕೀಲರಿಂದ ಪತ್ರವನ್ನು ಓದಿಸಿ, ಮನೆಮಾತಿನಲ್ಲಿ ಅರ್ಥ ಹೇಳಿಸಿಕೊಳ್ಳಲು ಹೇಳಬಹುದು.

ಈ ಮೂರೂ ಆದ ಮೇಲೆ ಅಪ್ಪ ಅಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದರೆ, ತಾವು ಏನನ್ನು ಕೊಟ್ಟೆವು, ಏನನ್ನು ಉಳಿಸಿಕೊಂಡೆವು ಎಂಬುದು ಅವರಿಗೆ ತಿಳಿದಿರುತ್ತದೆ. ಕೊಂಡ ಮಗನಿಗೂ ನಾಳೆ ತಂಗಿಯ ಎದುರು ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ.